ವಿಟಮಿನ್ ಡಬ್ಬಿಯೊಳಗಿನ ಮಾತ್ರೆಗಳು

ಆಪ್ತಸಲಹೆಗಾರ್ತಿಯಾಗಿ ನಾನು ಕಂಡ, ವಿದೇಶಕ್ಕೆ ಕೆಲಸಕ್ಕೆ ಹೊರಟಿದ್ದ ಒಬ್ಬರ ಪ್ರಕರಣ ಇದು. ಇದನ್ನು ಬರೆಯಲು ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ. ಗುರುತು ಸಿಗದ ಹಾಗೆ ವಯಸ್ಸು, ಕೆಲಸ ಮತ್ತು ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆದಾದ ಮೇಲೆ ಇಬ್ಬರೂ ಓದಿ ನೋಡಿದ್ದಾರೆ.

ಅವರು ಮೊದಲ ಸಲ ಬಂದಾಗ ಕೈಯಲ್ಲಿ ಒಂದು ದಪ್ಪ ಫೈಲು ಇತ್ತು. ಎದೆಯ ಎಕ್ಸ್‌ರೇ, ಇಸಿಜಿ, ಸಕ್ಕರೆ, ಕೊಲೆಸ್ಟ್ರಾಲ್, ಕಣ್ಣು, ಹಲ್ಲು. ಒಂದೊಂದಕ್ಕೂ ಒಂದೊಂದು ಬಣ್ಣದ ಚೀಟಿ ಅಂಟಿಸಿದ್ದರು. ವಯಸ್ಸು 38. ಕುಡಿಯುವ ನೀರಿನ ಯೋಜನೆಗಳಲ್ಲಿ ಎಂಜಿನಿಯರ್. ಸಮಭಾಜಕ ವೃತ್ತಕ್ಕೆ ಹತ್ತಿರದ ಒಂದು ದೇಶದಲ್ಲಿ ಮೂರು ವರ್ಷದ ಕೆಲಸ ಸಿಕ್ಕಿತ್ತು. ಹೊರಡಲು 11 ವಾರ ಬಾಕಿ. ಹೆಂಡತಿ ಮತ್ತು 9 ವರ್ಷದ ಮಗಳು ಜೊತೆಗೆ ಹೋಗುವುದಿಲ್ಲ ಅಂತ ಮನೆಯಲ್ಲಿ ತೀರ್ಮಾನ ಆಗಿತ್ತು.

"ಮೈ ಎಲ್ಲಾ ಚೆಕ್ ಮಾಡಿಸಿದ್ದೀನಿ ಮೇಡಂ. ಒಂಟಿಯಾಗಿ ಇರಬೇಕಲ್ಲ, ಒತ್ತಡ ತಡ್ಕೊಳ್ಳೋಕೆ ನಾಲ್ಕು ಮಾತು ಹೇಳಿಬಿಟ್ರೆ ಸಾಕು" ಅಂದರು.

ಫೈಲು ನೋಡಿದೆ. ಅಚ್ಚುಕಟ್ಟಾಗಿತ್ತು. ಒಂದು ಹಲ್ಲಿಗೆ ರೂಟ್ ಕೆನಾಲ್ ಬೇಕಿತ್ತು, ಅದನ್ನೂ ಮುಗಿಸಿದ್ದರು. ಕನ್ನಡಕ ಎರಡು ಜೊತೆ ಮಾಡಿಸಿದ್ದರು. ಆದರೆ ಅಷ್ಟು ಹಾಳೆಗಳಲ್ಲಿ ಮನಸ್ಸಿನ ಬಗ್ಗೆ ಒಂದೂ ಇರಲಿಲ್ಲ.

"ಈಗ ಯಾವುದಾದರೂ ಮಾತ್ರೆ ತಗೊಳ್ತಿದ್ದೀರಾ?" ಅಂತ ಕೇಳಿದೆ. "ವಿಟಮಿನ್, ಅಷ್ಟೇ."

ಈ ಪ್ರಶ್ನೆಯನ್ನು ನಾನು ಎರಡು ಸಲ ಕೇಳುತ್ತೇನೆ. ಶುರುವಿನಲ್ಲಿ ಒಮ್ಮೆ, ಏಳುವ ಮುಂಚೆ ಇನ್ನೊಮ್ಮೆ. ಅದಕ್ಕೆ ಕಾರಣ ಇದೆ. ಹಿಂದೆ ವಿದೇಶಕ್ಕೆ ಹೊರಟಿದ್ದ ಒಬ್ಬರ ಹತ್ತಿರ ಕೇಳದೆ ಬಿಟ್ಟಿದ್ದೆ. ಅವರು ಅಲ್ಲಿಗೆ ಹೋಗಿ ಮೂರನೇ ತಿಂಗಳಲ್ಲಿ ಮಾತ್ರೆ ನಿಲ್ಲಿಸಿ, ಆರನೇ ತಿಂಗಳಲ್ಲಿ ತೀರಾ ಕುಸಿದು ವಾಪಸ್ ಬಂದರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಹೊರಡುವ ಹೊತ್ತಿಗೆ ಎರಡನೇ ಸಲ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಒಂದು ವಿಟಮಿನ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮುಚ್ಚಳ ತೆಗೆದು ಅಂಗೈಗೆ ಸುರಿದರು. ದೊಡ್ಡ ಹಳದಿ ಕ್ಯಾಪ್ಸೂಲ್‌ಗಳು ಒಂದಷ್ಟು. ಅವುಗಳ ನಡುವೆ ಬಿಳಿ ಮಾತ್ರೆಗಳು. ಇನ್ನೂ ಚಿಕ್ಕ ಮಾತ್ರೆಗಳು ಹತ್ತು.

ಬಿಳಿಯದು ಸೆರ್ಟ್ರಲಿನ್, ಖಿನ್ನತೆಗೆ ಕೊಡುವ ಮಾತ್ರೆ. ಚಿಕ್ಕದು ಆಲ್ಪ್ರಜೋಲಾಮ್, ಆತಂಕಕ್ಕೆ ಕೊಡುವ ಮಾತ್ರೆ. ನಾಲ್ಕು ವರ್ಷದ ಹಿಂದೆ ನಿದ್ದೆ ಬಾರದಿದ್ದಾಗ ಕೊಟ್ಟಿದ್ದು, "ಯಾವುದಕ್ಕೂ ಇರಲಿ" ಅಂತ ಉಳಿಸಿಕೊಂಡಿದ್ದರು. ಎಲ್ಲವನ್ನೂ ಸ್ಟ್ರಿಪ್ಪಿನಿಂದ ಬಿಡಿಸಿ ವಿಟಮಿನ್ ಜೊತೆ ಬೆರೆಸಿದ್ದರು.

"ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸ್ತಾರೆ ಅಲ್ವಾ ಮೇಡಂ. ಪಕ್ಕದಲ್ಲೇ ಆಫೀಸಿನವರು ಇರ್ತಾರೆ."

ಆವತ್ತು ಇನ್ನೊಂದು ಗಂಟೆ ಕೂತೆವು.

ಅವರಿಗೆ ಖಿನ್ನತೆ ಎರಡು ಸಲ ಬಂದಿತ್ತು. ಮೊದಲನೆಯದು 25ನೇ ವಯಸ್ಸಿನಲ್ಲಿ. ಆಗ ಯಾರಿಗೂ ಹೇಳಲಿಲ್ಲ, ಚಿಕಿತ್ಸೆಯೂ ಇಲ್ಲ, ಹೇಗೋ ಕಳೆಯಿತು. ಎರಡನೆಯದು ನಾಲ್ಕು ವರ್ಷದ ಹಿಂದೆ. ಏಳು ತಿಂಗಳು ಎಳೆಯಿತು. ಎರಡು ತಿಂಗಳು ಕೆಲಸಕ್ಕೇ ಹೋಗಲಾಗಲಿಲ್ಲ. ಆಫೀಸಿಗೆ ಬೆನ್ನುನೋವು ಅಂತ ಹೇಳಿದ್ದರು. ಮನೋವೈದ್ಯರ ಚಿಕಿತ್ಸೆಯಿಂದ ಚೇತರಿಸಿಕೊಂಡು, ಎರಡು ವರ್ಷಕ್ಕೂ ಜಾಸ್ತಿ ಕಾಲದಿಂದ ಚೆನ್ನಾಗಿದ್ದರು. ದಿನಕ್ಕೊಂದು ಮಾತ್ರೆ ನಡೆಯುತ್ತಿತ್ತು. ವಿಮಾನ ಹತ್ತುವ ದಿನವೇ ಅದನ್ನು ನಿಲ್ಲಿಸಬೇಕು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು. ಡಬ್ಬಿಯಲ್ಲಿದ್ದದ್ದು ಭಯ ಆದರೆ ಬೇಕಾದೀತು ಅಂತ ಇಟ್ಟುಕೊಂಡಿದ್ದು, ಅಷ್ಟೇ.

"ಹೊಸ ಜಾಗ, ಹೊಸ ಜನ. ಅಲ್ಲಿ ನಾನು ಕಾಯಿಲೆಯವನಾಗಿ ಇರೋದು ಬೇಡ" ಅಂದರು. ಆ ಮಾತಿನಲ್ಲಿ ತಪ್ಪೇನೂ ಇಲ್ಲ. ಕಾಯಿಲೆ ಬಿದ್ದು ಎದ್ದ ಯಾರಿಗೇ ಆಗಲಿ, ಹಾಗನಿಸುವುದು ಸಹಜ. ಅವರಿಗೆ ಅದನ್ನೇ ಮೊದಲು ಹೇಳಿದೆ.

ಅವರ ಲೆಕ್ಕಾಚಾರಕ್ಕೆ ಇನ್ನೊಂದು ಆಧಾರವೂ ಇತ್ತು. ಹೊರದೇಶಕ್ಕೆ ಹೋದವರಿಗೆ ಮೊದಲ ಮೂರು ತಿಂಗಳು ಹನಿಮೂನ್ ಇದ್ದ ಹಾಗೆ, ಎಲ್ಲಾ ಹೊಸದು, ಎಲ್ಲಾ ಚೆಂದ, ಬೇಸರ ಬರುವುದು ಆಮೇಲೆ ಅಂತ ಎಲ್ಲೋ ಓದಿದ್ದರು. ಹಾಗಾದರೆ ಆ ಮೂರು ತಿಂಗಳು ಮಾತ್ರೆ ಬಿಡಲು ಒಳ್ಳೆಯ ಸಮಯ ಅಂತ ಅವರ ಯೋಚನೆ.

ಈ ಹನಿಮೂನ್ ಮಾತು ಹುಟ್ಟಿದ್ದು ಕಾಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞರಿಂದ. 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಒಂದು ಭಾಷಣದಲ್ಲಿ ಅವರು 'ಕಲ್ಚರ್ ಶಾಕ್', ಅಂದರೆ ಹೊಸ ಸಂಸ್ಕೃತಿಗೆ ಹೋದಾಗ ಆಗುವ ತಳಮಳದ ಬಗ್ಗೆ ಮಾತಾಡಿದರು. 1960ರಲ್ಲಿ ಅದು ಅಚ್ಚಾಯಿತು. ಭಾಷಣದ ಮರುವರ್ಷವೇ, ಅಂದರೆ 1955ರಲ್ಲಿ, ಲಿಸ್ಗೋರ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಹೋಗಿ ಬಂದ ನಾರ್ವೆಯವರ ಅನುಭವ ಕಲೆಹಾಕಿದರು. ಅಲ್ಲಿ 6ರಿಂದ 18 ತಿಂಗಳು ಇದ್ದವರು ಹೊಂದಿಕೊಳ್ಳಲು ಜಾಸ್ತಿ ಕಷ್ಟಪಟ್ಟಿದ್ದರು. ಅದಕ್ಕಿಂತ ಕಡಿಮೆ ದಿನ ಇದ್ದವರಿಗೂ ಜಾಸ್ತಿ ದಿನ ಇದ್ದವರಿಗೂ ಅಷ್ಟು ಕಷ್ಟ ಆಗಿರಲಿಲ್ಲ. ಮೊದಲು ಮೇಲೆ, ಆಮೇಲೆ ಕೆಳಗೆ, ಮತ್ತೆ ಮೇಲೆ ಎನ್ನುವ ಚಿತ್ರ ಬಂದಿದ್ದು ಹೀಗೆ. ಆದರೆ 1998ರಲ್ಲಿ ಬಂದ ಒಂದು ಅಧ್ಯಯನ ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದಿಳಿದ ದಿನದಿಂದಲೇ ಗಮನಿಸಿತು. ಅವರ ಮನಸ್ಸು ಅತಿ ಹೆಚ್ಚು ಭಾರವಾಗಿದ್ದದ್ದು ಬಂದಿಳಿದಾಗಲೇ. ಹನಿಮೂನ್ ಕಾಣಲೇ ಇಲ್ಲ.

ಇದನ್ನು ಅವರಿಗೆ ಹೇಳಿ, "ನಿಮಗೆ ಯಾವ ತಿಂಗಳು ಕಷ್ಟ ಆಗುತ್ತದೆ ಅಂತ ನನಗೂ ಹೇಳಲಾಗದು, ಆ ಚಿತ್ರಕ್ಕೂ ಹೇಳಲಾಗದು. ಅದನ್ನು ನಂಬಿ ಮಾತ್ರೆ ಬಿಡಬೇಡಿ" ಅಂದೆ.

ಮಾತ್ರೆ ಬೇಕೋ ಬೇಡವೋ ಅಂತ ತೀರ್ಮಾನಿಸುವುದು ಆಪ್ತಸಲಹೆಗಾರರ ಕೆಲಸ ಅಲ್ಲ. ಹಾಗಾಗಿ ಅವರ ಮನೋವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೊತೆಗೆ ಕೂತು ಬರೆದೆವು. ಎಷ್ಟು ದಿನ ಮುಂದುವರಿಸಬೇಕು? ಬಿಡುವುದಾದರೆ ಹೇಗೆ, ಎಲ್ಲಿರುವಾಗ? ಅಲ್ಲಿ ಈ ಔಷಧ ಸಿಗುತ್ತದಾ? ಸಿಗದಿದ್ದರೆ ಏನು? ವೈದ್ಯರು ಹೇಳಿದ್ದು ಸ್ಪಷ್ಟವಾಗಿತ್ತು. ಎರಡು ಸಲ ಬಂದ ಕಾಯಿಲೆ, ಕನಿಷ್ಠ ಮೊದಲ ವರ್ಷ ಪೂರ್ತಿ ಮುಂದುವರಿಸಿ. ಆಮೇಲೆ ಬಿಡುವುದಿದ್ದರೂ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸಮಯ ತಗೊಂಡು ನಿಧಾನವಾಗಿ ಇಳಿಸಬೇಕು. ಈ ಮಾತ್ರೆಗಳನ್ನು ದಿಢೀರ್ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು ಆಗುತ್ತದೆ. ಹೊಸ ದೇಶದ ಮೊದಲ ವಾರದಲ್ಲಿ ಹೀಗೆಲ್ಲ ಆದರೆ, ಇದು ಮಾತ್ರೆ ಬಿಟ್ಟಿದ್ದಕ್ಕಾ, ಪ್ರಯಾಣದ ಸುಸ್ತಾ, ಹಳೆ ಕಾಯಿಲೆಯೇ ಮರಳಿತಾ ಅಂತ ಗೊತ್ತಾಗುವುದಾದರೂ ಹೇಗೆ?

ಇನ್ನು ಆ ಡಬ್ಬಿ. ಡಬ್ಬಿಗೆ ತುಂಬಿಸಿದ್ದು ಮಾನ ಉಳಿಸಿಕೊಳ್ಳಲು. ಆದರೆ ಗಡಿಯಲ್ಲಿ ಅದೇ ಅವರನ್ನು ಸಿಕ್ಕಿಸಿಹಾಕುತ್ತಿತ್ತು. ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ಯಾರಾದರೂ ಅನುಮಾನದಿಂದಲೇ ನೋಡುತ್ತಾರೆ. ಅದರಲ್ಲೂ ಆಲ್ಪ್ರಜೋಲಾಮ್, ಡಯಾಜೆಪಾಮ್ ಥರದ ಔಷಧಗಳು 1971ರ ವಿಶ್ವಸಂಸ್ಥೆಯ ಮನೋಪ್ರಭಾವಿ ದ್ರವ್ಯಗಳ ಒಪ್ಪಂದದ ಪಟ್ಟಿಯಲ್ಲಿವೆ. ಇಂಥವನ್ನು ಒಯ್ಯಲು ಎಷ್ಟೋ ದೇಶಗಳಲ್ಲಿ ವೈದ್ಯರ ಪತ್ರ ಬೇಕು, ಕೆಲವೆಡೆ ಮೊದಲೇ ಅನುಮತಿ ಬೇಕು. ಒಂದು ದೇಶದಲ್ಲಿ ಅಂಗಡಿಯಲ್ಲಿ ಸಿಗುವ ಔಷಧಕ್ಕೆ ಇನ್ನೊಂದು ದೇಶದಲ್ಲಿ ಜೈಲಾಗಬಹುದು. ಉದಾಹರಣೆಗೆ, ಗಮನ ಕೊರತೆಗೆ ಕೆಲವು ದೇಶಗಳಲ್ಲಿ ಬರೆದುಕೊಡುವ ಆಂಫೆಟಮಿನ್ ಇರುವ ಮಾತ್ರೆಗಳನ್ನು ಜಪಾನಿಗೆ ಒಯ್ಯುವಂತೆಯೇ ಇಲ್ಲ, ಚೀಟಿ ಇದ್ದರೂ ಸರಿ. ಯಾವ ದೇಶದಲ್ಲಿ ಏನು ನಿಯಮ ಅಂತ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಆ ದೇಶದ ರಾಯಭಾರ ಕಚೇರಿಯನ್ನೂ ಕೇಳಬೇಕು, ಉತ್ತರ ಬರಹದಲ್ಲಿ ಬಂದರೆ ಇನ್ನೂ ಒಳ್ಳೆಯದು.

ಅವಧಿ ಮುಗಿದ ಆ ಹತ್ತು ಆಲ್ಪ್ರಜೋಲಾಮ್ ಮಾತ್ರೆಗಳನ್ನು ಅವರು ಔಷಧದಂಗಡಿಗೆ ವಾಪಸ್ ಕೊಟ್ಟರು. ಸೆರ್ಟ್ರಲಿನ್ ಹೊಸದಾಗಿ, ಸ್ಟ್ರಿಪ್ಪು ಪೆಟ್ಟಿಗೆ ಸಮೇತ ತಗೊಂಡರು. ಜೊತೆಗೆ ವೈದ್ಯರ ಪತ್ರ. ಅದರಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧದ ಮೂಲ ಹೆಸರು, ದಿನಕ್ಕೆ 50 ಮಿಲಿಗ್ರಾಂ, ಯಾವ ತೊಂದರೆಗೆ, ಎಷ್ಟು ದಿನಕ್ಕೆ. ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಮೂಲ ಹೆಸರು ಬದಲಾಗುವುದಿಲ್ಲ. ಮಾತ್ರೆಗಳು ಕೈಚೀಲದಲ್ಲೇ ಇರಲಿ ಅಂತ ಹೇಳಿದೆ. ದೊಡ್ಡ ಸಾಮಾನು ತಪ್ಪಿಹೋಗುವುದು ಅಪರೂಪವೇನಲ್ಲ.

ಎರಡನೇ ಭೇಟಿಯಲ್ಲಿ ನನ್ನನ್ನು ನಿಜವಾಗಿ ಗಾಬರಿಗೊಳಿಸಿದ್ದು ಫೈಲಿನ ಹಸಿರು ಚೀಟಿಯ ಹಿಂದಿದ್ದ ಒಂದು ಹಾಳೆ. ಮಲೇರಿಯಾ ಬಾರದಂತೆ ತಗೊಳ್ಳುವ ಮಾತ್ರೆಯ ಚೀಟಿ. ಮೆಫ್ಲೋಕ್ವಿನ್, ವಾರಕ್ಕೊಂದು.

ವಾರಕ್ಕೆ ಒಂದೇ ಮಾತ್ರೆ ಅಂದರೆ ಯಾರಿಗಾದರೂ ಅನುಕೂಲ ಅನಿಸುತ್ತದೆ. ಆದರೆ ಖಿನ್ನತೆ ಇದ್ದವರಿಗೆ ಈ ಮಾತ್ರೆ ಮುಂಜಾಗ್ರತೆಗಾಗಿ ಕೊಡುವಂಥದ್ದಲ್ಲ. ಆತಂಕ, ಕೆಟ್ಟ ಕನಸು, ಖಿನ್ನತೆ, ಕೆಲವರಿಗೆ ಭ್ರಮೆ ತರುವ ಸಾಧ್ಯತೆ ಇರುವುದರಿಂದ 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಮೇಲೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು. ಚೀಟಿ ಬರೆದ ವೈದ್ಯರದು ತಪ್ಪಿಲ್ಲ. ಅವರು ಕೊಟ್ಟಿದ್ದ ಪ್ರಶ್ನಾಪತ್ರದಲ್ಲಿ "ಹಿಂದೆ ಮಾನಸಿಕ ತೊಂದರೆ ಇತ್ತೇ?" ಅಂತ ಇತ್ತು. ಇವರು "ಇಲ್ಲ" ಅಂತ ಗುರುತು ಹಾಕಿದ್ದರು.

ಆ ಹಾಳೆಯನ್ನು ಅವರ ಮುಂದೆ ತಿರುಗಿಸಿ ಇಟ್ಟೆ. ಅವರು ಆ ಪುಟ್ಟ ಗುರುತನ್ನೇ ನೋಡುತ್ತಾ ಕೂತರು. "ಇದೊಂದು ಟಿಕ್ಕಿಗೆ ಇಷ್ಟೆಲ್ಲಾ ಆಗ್ತಿತ್ತಾ?" ಅಂದರು. ಆಗಬಹುದಿತ್ತು.

ಮರುದಿನವೇ ಹೋಗಿ ನಿಜ ಹೇಳಿದರು. ಚೀಟಿ ಬದಲಾಯಿತು. ದಿನಕ್ಕೊಂದು ತಗೊಳ್ಳುವ ಅಟೊವಕ್ವೋನ್-ಪ್ರೊಗ್ವಾನಿಲ್ ಬರೆದುಕೊಟ್ಟರು. ಮೂರು ವರ್ಷವೂ ಮಾತ್ರೆ ನುಂಗಬೇಕಾ ಎನ್ನುವುದನ್ನು ಅಲ್ಲಿನ ವೈದ್ಯರ ಜೊತೆ, ಮಳೆಗಾಲ ಮತ್ತು ಜಾಗ ನೋಡಿಕೊಂಡು ತೀರ್ಮಾನಿಸಬೇಕು. ಔಷಧ ಸವರಿದ ಸೊಳ್ಳೆಪರದೆ, ಸಂಜೆ ಹೊತ್ತು ಮೈ ಮುಚ್ಚುವ ಬಟ್ಟೆ ಹೇಗೂ ಬೇಕು. ಇದೆಲ್ಲಕ್ಕಿಂತ ಮುಖ್ಯವಾದದ್ದು, ಜ್ವರ ಬಂದರೆ 24 ಗಂಟೆಯೊಳಗೆ ರಕ್ತಪರೀಕ್ಷೆ. "ನಾಳೆ ನೋಡೋಣ" ಬೇಡ. ಖಿನ್ನತೆಯಲ್ಲಿರುವವರು ಜ್ವರವನ್ನೂ "ನಾಳೆ ನೋಡೋಣ" ಅಂತ ಮಲಗಿಬಿಡುತ್ತಾರೆ. ಅದಕ್ಕೇ ಈ ವಿಷಯ ನನ್ನ ಕೋಣೆಯಲ್ಲೂ ಬರಬೇಕು ಅನ್ನುವುದು ನನ್ನ ಅಭಿಪ್ರಾಯ.

ಲಸಿಕೆಗಳ ವಿಷಯದಲ್ಲಿ ಅವರು ಬಹುಪಾಲು ಸರಿಯಾಗಿಯೇ ಇದ್ದರು. ಹಳದಿ ಜ್ವರದ ಲಸಿಕೆ ಆಗಿತ್ತು. ಅದರ ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನದ ನಂತರ ಜಾರಿಗೆ ಬರುತ್ತದೆ, 2016ರ ಜುಲೈ 11ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಹೆಪಟೈಟಿಸ್ ಬಿ ಮಾತ್ರ ತಡವಾಗಿತ್ತು. ಸಾಮಾನ್ಯವಾಗಿ ಮೂರನೇ ಡೋಸ್ ಮೊದಲ ಡೋಸಿನ ಆರು ತಿಂಗಳ ನಂತರ ಬರುತ್ತದೆ. ಅವಸರದ ಕ್ರಮವೂ ಇದೆ, ಅವರ ವೈದ್ಯರು ಅದನ್ನೇ ಮಾಡಿದರು. ಓದುವವರಲ್ಲಿ ಯಾರಾದರೂ ಹೊರಡುವ ಯೋಚನೆಯಲ್ಲಿದ್ದರೆ ಅರ್ಧ ವರ್ಷ ಮುಂಚೆಯೇ ಲಸಿಕೆಗಳ ಬಗ್ಗೆ ವಿಚಾರಿಸಿ.

ಆಮೇಲೆ ಕೆಲಸ ಕೊಡುವವರ ಆರೋಗ್ಯ ಅರ್ಜಿ. ಅಲ್ಲೂ "ಇಲ್ಲ" ಅಂತಲೇ ಬರೆದಿದ್ದರು. ಇದರ ಬಗ್ಗೆ ನಾವು ಎರಡು ಭೇಟಿ ಪೂರ್ತಿ ಮಾತಾಡಿದೆವು. ಅವರ ಭಯ ಸುಳ್ಳಲ್ಲ. ಮನಸ್ಸಿನ ಕಾಯಿಲೆ ಅಂದ ಕೂಡಲೇ ಬಾಗಿಲು ಮುಚ್ಚುವ ಜಾಗಗಳು ಇವೆ. "ನಿಜ ಹೇಳಿ, ಎಲ್ಲಾ ಸರಿಹೋಗುತ್ತೆ" ಅಂತ ನಾನು ಹೇಳಲಿಲ್ಲ, ಹೇಳಿದ್ದರೆ ಅದು ಮೋಸ ಆಗುತ್ತಿತ್ತು. ಕೆಲಸ ಕೈತಪ್ಪಬಹುದು ಅಂತಲೇ ಹೇಳಿದೆ. ಅದರ ಜೊತೆಗೆ ಇನ್ನೊಂದು ಕಡೆಯನ್ನೂ ಇಟ್ಟೆ. ಸಹಿ ಹಾಕಿದ ಹಾಳೆಯಲ್ಲಿ ಸುಳ್ಳಿದ್ದರೆ, ಮುಂದೆ ಆಸ್ಪತ್ರೆ ಸೇರಿದಾಗ ಇನ್ಶೂರೆನ್ಸ್‌ನವರು ಹಣ ಕೊಡಲ್ಲ ಅನ್ನಬಹುದು. ಊರಿಗೆ ಮರಳಿಸುವ ವಿಮಾನದ ಖರ್ಚೂ ಮೈಮೇಲೆ ಬೀಳಬಹುದು. ಅದಕ್ಕಿಂತ ಕೆಟ್ಟದ್ದು, ಕಷ್ಟ ಬಂದಾಗ ಸಹಾಯ ಕೇಳಲು ಬಾಯಿ ಬರುವುದಿಲ್ಲ. ಕೇಳಿದರೆ ಸುಳ್ಳು ಬಯಲಾಗುತ್ತದಲ್ಲ!

ಅರ್ಜಿಯನ್ನು ಯಾರು ಓದುತ್ತಾರೆ ಅಂತ ವಿಚಾರಿಸಲು ಹೇಳಿದೆ. ಅವರ ವಿಷಯದಲ್ಲಿ ಪೂರ್ತಿ ವಿವರ ನೋಡುವುದು ತಪಾಸಣೆಯ ವೈದ್ಯರು ಮಾತ್ರ, ಕಂಪನಿಗೆ ಹೋಗುವುದು ಕೆಲಸಕ್ಕೆ ಯೋಗ್ಯರೋ ಅಲ್ಲವೋ ಎಂಬ ಒಂದು ಸಾಲು. ಎಲ್ಲ ಕಡೆ ಹೀಗಿರುವುದಿಲ್ಲ, ಆದ್ದರಿಂದ ಕೇಳಿಯೇ ತಿಳಿಯಬೇಕು. ಹತ್ತು ದಿನ ಅವರಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ಅರ್ಜಿ ತಿದ್ದಿ, ಮನೋವೈದ್ಯರ ಪತ್ರ ಲಗತ್ತಿಸಿ ಕೊಟ್ಟರು. ಆರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣಬೇಕು ಎಂಬ ಷರತ್ತಿನ ಮೇಲೆ ಯೋಗ್ಯ ಅಂತ ಬಂತು. ಇನ್ಶೂರೆನ್ಸ್ ಪಾಲಿಸಿಯನ್ನೂ ತರಿಸಿ ಸಾಲು ಸಾಲು ಓದಿದೆವು. ಹಳೆಯ ಕಾಯಿಲೆಗೆ ಅನ್ವಯಿಸುತ್ತದಾ, ಎಷ್ಟು ತಿಂಗಳು ಕಾಯಬೇಕು, ಮನಸ್ಸಿನ ಕಾಯಿಲೆ ಸೇರಿದೆಯಾ, ಬೇರೆ ದೇಶದ ಆಸ್ಪತ್ರೆಗೆ ಸಾಗಿಸುವ ಖರ್ಚು ಯಾರದು.

ಐದನೇ ಭೇಟಿಗೆ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ಅವರು ಬಂದು ಮೊದಲು ಹೇಳಿದ್ದು ಮಗಳ ಮಾತು. "ಅಪ್ಪ, ನಿಂಗೆ ಅಲ್ಲಿ ಹುಷಾರಿಲ್ದೇ ಹೋದ್ರೆ ಯಾರು ನೋಡ್ಕೋತಾರೆ?" ಅಂತ ರಾತ್ರಿ ಕೇಳಿದ್ದಳಂತೆ. "ನಂಗೇನೂ ಆಗಲ್ಲ ಪುಟ್ಟಿ" ಅಂತ ಇವರು ಹೇಳಿದ್ದರು. ಅವಳು ಮಗ್ಗುಲು ಬದಲಿಸಿ ಮಲಗಿದಳಂತೆ.

ಒಂಬತ್ತು ವರ್ಷದ ಮಗು ಸರಿಯಾದ ಪ್ರಶ್ನೆಯನ್ನೇ ಕೇಳಿದೆ, ಅಲ್ವಾ? "ಏನೂ ಆಗಲ್ಲ" ಎನ್ನುವುದು ಅದಕ್ಕೆ ಉತ್ತರ ಅಲ್ಲ. ಯಾರು ನೋಡ್ಕೋತಾರೆ ಅಂತ ಹೇಳಬೇಕು. ಅಲ್ಲಿ ಡಾಕ್ಟರ್ ಇದ್ದಾರೆ, ಅವರ ಹೆಸರು ಇದು, ಫೋನ್ ನಂಬರ್ ಅಮ್ಮನ ಹತ್ತಿರವೂ ಇದೆ, ಜಾಸ್ತಿ ಆದರೆ ನಾನು ಮನೆಗೆ ಬರ್ತೀನಿ. ಇಷ್ಟು ಹೇಳಬೇಕಾದರೆ ಇಷ್ಟೂ ನಿಜ ಇರಬೇಕು. ಮುಂದಿನ ವಾರದೊಳಗೆ ಅದನ್ನು ನಿಜ ಮಾಡಿಕೊಳ್ಳುವುದೇ ಮನೆಗೆಲಸ ಅಂದೆ.

ಆಮೇಲೆ ಹೆಂಡತಿಯನ್ನು ಕೇಳಿದೆ. "ಹಿಂದಿನ ಸಲ ಇವರಿಗೆ ಹುಷಾರು ತಪ್ಪುತ್ತಿದೆ ಅಂತ ನಿಮಗೆ ಮೊದಲು ಗೊತ್ತಾಗಿದ್ದು ಹೇಗೆ?"

ಅವರು ಯೋಚಿಸಲೂ ಇಲ್ಲ. "ಎಲ್ಲದಕ್ಕೂ 'ಆಯ್ತು ಬಿಡು' ಅನ್ನೋಕೆ ಶುರು ಮಾಡಿದ್ರು ಮೇಡಂ. ಸಾಮಾನ್ಯವಾಗಿ ಇವರು ಪ್ರತಿಯೊಂದಕ್ಕೂ ವಾದ ಮಾಡ್ತಾರೆ. ಆಗ ಯಾವುದಕ್ಕೂ ವಾದವೇ ಇಲ್ಲ. ಏನು ಹೇಳಿದ್ರೂ ಆಯ್ತು ಬಿಡು. ನಾನು ಮೊದಲು ಖುಷಿಪಟ್ಟೆ, ಶಾಂತ ಆಗಿದ್ದಾರೆ ಅಂತ."

ಅವರು ತಿರುಗಿ ಹೆಂಡತಿಯನ್ನು ನೋಡಿದರು. ಹಾಗಂತಿದ್ದದ್ದು ಅವರಿಗೇ ಗೊತ್ತಿರಲಿಲ್ಲ.

ಪುಸ್ತಕದಲ್ಲಿ ಖಿನ್ನತೆಯ ಲಕ್ಷಣಗಳ ಪಟ್ಟಿ ಇರುತ್ತದೆ. ನಿದ್ದೆ, ಹಸಿವು, ಆಸಕ್ತಿ, ದಣಿವು. ಅದು ಬೇಕು. ಆದರೆ ಸಾವಿರಾರು ಮೈಲಿ ದೂರದಿಂದ ಫೋನಿನಲ್ಲಿ ಹಿಡಿಯಲು ಸಿಗುವುದು ಇಂಥ ಒಂದು ಮಾತು. ಅದನ್ನು ಹಾಳೆಯ ಮೇಲೆ ಮೊದಲ ಸಾಲಾಗಿ ಬರೆದೆವು. ಎರಡನೆಯದು, ಬೆಳಗಿನ ಜಾವ ಮೂರಕ್ಕೆ ಎಚ್ಚರ ಆಗಿ ಮತ್ತೆ ನಿದ್ದೆ ಬಾರದೇ ಇರುವುದು. ಮೂರನೆಯದನ್ನು ಅವರೇ ಹೇಳಿದರು, ಮಗಳ ಫೋನ್ ಬಂದಾಗ ಎತ್ತಲು ಕಷ್ಟ ಆಗುವುದು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು. ಹಿಂದಿನ ಸಲ ಸಾಯುವ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಅಂತ ಎಷ್ಟೋ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದಾಗ ಮನಸ್ಸು ಹಗುರ ಆಗುವುದೇ ಜಾಸ್ತಿ. "ಬೆಳಗ್ಗೆ ಎಚ್ಚರ ಆಗದಿದ್ರೆ ಸಾಕು ಅನಿಸ್ತಿತ್ತು" ಅಂದರು. ಹೆಂಡತಿ ಅದನ್ನು ಮೊದಲ ಸಲ ಕೇಳುತ್ತಿದ್ದರು. ಅವರ ಕೈ ಹಿಡಿದುಕೊಂಡರು, ಏನೂ ಮಾತಾಡಲಿಲ್ಲ. ಆವತ್ತೇ ಒಂದು ಸುರಕ್ಷತೆಯ ಹಾಳೆ ಮಾಡಿದೆವು. ಆ ಯೋಚನೆ ಬಂದರೆ ಮೊದಲು ಏನು ಮಾಡುತ್ತೇನೆ, ಯಾರಿಗೆ ಫೋನ್ ಮಾಡುತ್ತೇನೆ, ಅವರು ಸಿಗದಿದ್ದರೆ ಯಾರಿಗೆ, ಅಲ್ಲಿನ ತುರ್ತು ಚಿಕಿತ್ಸೆಯ ನಂಬರ್ ಏನು, ಎಲ್ಲಿಗೆ ಹೋಗುತ್ತೇನೆ. ಒಂದು ಪ್ರತಿ ಅವರಿಗೆ, ಒಂದು ಹೆಂಡತಿಗೆ, ಒಂದು ನನ್ನ ಹತ್ತಿರ.

ಅದರ ಕೆಳಗೆ ಒಂದು ಗೆರೆಯನ್ನೂ ಎಳೆದೆವು. ನಾವು ಅದನ್ನು 'ವಾಪಸ್ ಬರುವ ಗೆರೆ' ಅಂತ ಕರೆದೆವು. ಈ ಮೂರರಲ್ಲಿ ಎರಡು ಲಕ್ಷಣ ಒಂದು ವಾರ ಇದ್ದರೆ 48 ಗಂಟೆಯೊಳಗೆ ವೈದ್ಯರನ್ನು ಕಾಣುವುದು. ವೈದ್ಯರನ್ನು ಕಂಡು ನಾಲ್ಕು ವಾರವಾದರೂ ಇಳಿಯದಿದ್ದರೆ, ಅಥವಾ ಸಾಯುವ ಯೋಚನೆ ಬಂದರೆ, ಮನೆಗೆ ಬರುವುದು. ಇದನ್ನು ಚೆನ್ನಾಗಿರುವಾಗಲೇ ಬರೆಯಬೇಕು. ಕಾಯಿಲೆ ಬಂದಾಗ ಮನಸ್ಸು "ಇನ್ನೊಂದು ವಾರ ನೋಡೋಣ, ಬಿಟ್ಟು ಹೋದರೆ ಅವಮಾನ" ಅಂತಲೇ ಹೇಳುತ್ತದೆ. ಆಗ ಅದರ ಮಾತು ಕೇಳಬಾರದು. ಮಧ್ಯದಲ್ಲಿ ಬಿಟ್ಟು ಬಂದರೆ ಒಪ್ಪಂದದಲ್ಲಿ ಏನಿದೆ ಅಂತಲೂ ನೋಡಿದೆವು. ಕಾಯಿಲೆ ರಜೆಗೆ ಅವಕಾಶ ಇತ್ತು. ಅದು ಗೊತ್ತಾದ ಮೇಲೆ ಅವರ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು.

ಉಳಿದ ಭೇಟಿಗಳಲ್ಲಿ ಅಲ್ಲಿನ ಒಂದು ದಿನವನ್ನು ಗಂಟೆ ಗಂಟೆಯಾಗಿ ಬರೆಯಿಸಿದೆ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಹಾಳೆ ತುಂಬಿತ್ತು. ಕೆಲಸ, ಸೈಟು, ಮೀಟಿಂಗು. ಸಂಜೆ ಆರರಿಂದ ಹತ್ತರವರೆಗೆ ಖಾಲಿ. ಪೆನ್ನು ಹಿಡಿದು ಕೂತರು, ಏನೂ ಹೊಳೆಯಲಿಲ್ಲ. ದೂರದ ಊರಿನಲ್ಲಿ ಒಂಟಿಯಾಗಿ ಕೆಲಸ ಮಾಡಿ ಬಂದ ಎಷ್ಟೋ ಜನ ನನಗೆ ಹೇಳಿರುವುದು ಈ ನಾಲ್ಕು ಗಂಟೆಯ ಕಥೆಯನ್ನೇ. ಕೆಲಸ ಅವರನ್ನು ಮುರಿಯಲಿಲ್ಲ. ಸಂಜೆ ಮುರಿಯಿತು. ಬಾಟಲಿ ಬರುವುದೂ ಆ ಹೊತ್ತಿಗೇ. ಕುಡಿದರೆ ನಿದ್ದೆ ಬೇಗ ಬರುತ್ತದೆ, ಆದರೆ ರಾತ್ರಿಯ ಎರಡನೇ ಭಾಗದಲ್ಲಿ ಕೆಡುತ್ತದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವ ತೊಂದರೆ ಇರುವವರಿಗೆ ಇದು ಸಲ್ಲ.

"ಒಬ್ಬನೇ ಇದ್ದಾಗ ಕುಡಿಯಲ್ಲ" ಅಂತ ಅವರೇ ನಿಯಮ ಮಾಡಿಕೊಂಡರು. ಅದಕ್ಕಿಂತ ಕಡಿಮೆ ಮಾಡಿ, ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು ಅಂದೆ, ಔಷಧ ನಡೆಯುತ್ತಿದೆಯಲ್ಲ. ಸಂಜೆ ಮೊದಲ ಗಂಟೆ ನಡಿಗೆ ಅಂತ ಬರೆದರು. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಆ ಒಂದು ಗಂಟೆಯಲ್ಲೇ ಅದು ಆಗಿಹೋಗುತ್ತದೆ. ಸೆಖೆಯ ಜಾಗಕ್ಕೆ ಮೈ ಒಗ್ಗಲು ಒಂದೆರಡು ವಾರ ಬೇಕು, ಆದ್ದರಿಂದ ಮೊದಲು ನಿಧಾನ. ಎರಡನೇ ಗಂಟೆ ಅಲ್ಲಿನ ಭಾಷೆ ಕಲಿಯುವುದು. ಆಫೀಸಿಗೆ ಸಂಬಂಧ ಇಲ್ಲದ ಒಬ್ಬರನ್ನಾದರೂ ಮೊದಲ ಎರಡು ವಾರದಲ್ಲಿ ಹೆಸರು ಹಿಡಿದು ಮಾತಾಡಿಸುವಷ್ಟು ಪರಿಚಯ ಮಾಡಿಕೊಳ್ಳಿ ಅಂದೆ. ಕ್ಷೌರದವರಾದರೂ ಸರಿ, ಕಾವಲಿನವರಾದರೂ ಸರಿ.

ಫೋನಿನ ವಿಷಯದಲ್ಲಿ ಹೆಂಡತಿ ಒಂದೇ ಷರತ್ತು ಹಾಕಿದರು. "ವಾರಕ್ಕೊಂದು ಸಲ ಕ್ಯಾಮರಾ ತಿರುಗಿಸಿ ನಿಮ್ಮ ರೂಮು ತೋರಿಸಬೇಕು." ಹಿಂದಿನ ಸಲ ಒಗೆಯದ ಬಟ್ಟೆ ರಾಶಿ ಬಿದ್ದಿದ್ದನ್ನು ಅವರು ಮರೆತಿರಲಿಲ್ಲ.

ಅವರು ಹೊರಟರು. ನಮ್ಮ ಮಾತುಕತೆ ಎರಡನೇ ವಾರ, ಆರನೇ ವಾರ, ಆಮೇಲೆ ತಿಂಗಳಿಗೊಮ್ಮೆ ಅಂತ ಮೊದಲೇ ಗೊತ್ತು ಮಾಡಿದ್ದೆವು. ಬೇರೆ ದೇಶದಲ್ಲಿರುವವರಿಗೆ ದೂರದಿಂದ ಆಪ್ತಸಲಹೆ ಕೊಡಲು ಅಲ್ಲಿನ ಕಾನೂನು ಒಪ್ಪುತ್ತದಾ ಅಂತ ನಾನೂ ಮೊದಲೇ ವಿಚಾರಿಸಿಕೊಂಡಿದ್ದೆ. ಮೊದಲ ನಾಲ್ಕು ತಿಂಗಳು ಚೆನ್ನಾಗಿತ್ತು. ನಡಿಗೆಗೆ ಅವರ ಜೊತೆ ಒಬ್ಬ ಶಾಲಾ ಮೇಷ್ಟ್ರು ಸೇರಿಕೊಂಡಿದ್ದರು.

ಐದನೇ ತಿಂಗಳಲ್ಲಿ ಹೆಂಡತಿ ನನಗೆ ಫೋನ್ ಮಾಡಿದರು. ಹೀಗೆ ಮಾಡಬಹುದು ಅಂತ ಅವರ ಒಪ್ಪಿಗೆ ಮೊದಲೇ ಪಡೆದಿದ್ದೆವು. "ಮೇಡಂ, ನಿನ್ನೆ ಒಂದೇ ಫೋನಿನಲ್ಲಿ ಮೂರು ಸಲ ಆಯ್ತು ಬಿಡು ಅಂದ್ರು. ಮಗಳ ಶಾಲೆ ಬದಲಿಸೋ ವಿಷಯಕ್ಕೂ ಆಯ್ತು ಬಿಡು ಅಂದ್ರು."

ಆವತ್ತೇ ಅವರನ್ನು ಸಂಪರ್ಕಿಸಿದೆ. ಮೊದಲು "ಕೆಲಸ ಜಾಸ್ತಿ, ಅಷ್ಟೇ" ಅಂದರು. ಹಾಳೆ ತೆಗೆಯಿರಿ ಅಂದೆ. ಇಬ್ಬರೂ ಓದಿದೆವು. ಮೂರಕ್ಕೆ ಎಚ್ಚರ ಆಗುವುದು ಒಂಬತ್ತು ದಿನದಿಂದ ನಡೆಯುತ್ತಿತ್ತು. ಸಾಯುವ ಯೋಚನೆ ಇದೆಯಾ ಅಂತ ಕೇಳಿದೆ. ಇರಲಿಲ್ಲ. ಮರುದಿನ ಅಲ್ಲಿನ ವೈದ್ಯರ ಹತ್ತಿರ ಹೋದರು. ಕೈಯಲ್ಲಿ ಪತ್ರ ಇದ್ದಿದ್ದರಿಂದ ಮೊದಲಿನಿಂದ ಕಥೆ ಹೇಳಬೇಕಾಗಲಿಲ್ಲ. ವೈದ್ಯರು ಇವರ ಮನೋವೈದ್ಯರ ಜೊತೆ ಮಾತಾಡಿ ಸೆರ್ಟ್ರಲಿನ್ ಪ್ರಮಾಣ 100 ಮಿಲಿಗ್ರಾಂಗೆ ಏರಿಸಿದರು. ಹತ್ತು ದಿನ ರಜೆ ಹಾಕಿ ಮನೆಗೆ ಬಂದು ಹೋದರು. ಮೂರನೇ ವಾರದ ಹೊತ್ತಿಗೆ ನಿದ್ದೆ ಸರಿಹೋಗತೊಡಗಿತು. ಗೆರೆಯವರೆಗೆ ಹೋಗಬೇಕಾಗಲಿಲ್ಲ.

ಈಗ 14ನೇ ತಿಂಗಳು. ಕಳೆದ ಸಲ ಮಾತಾಡಿದಾಗ ಮಗಳ ಶಾಲೆ ಬದಲಿಸುವ ವಿಷಯದಲ್ಲಿ ಹೆಂಡತಿಯ ಜೊತೆ ಮುಕ್ಕಾಲು ಗಂಟೆ ವಾದ ಆಯಿತು ಅಂದರು. ಹಿಂದಿನಿಂದ ಹೆಂಡತಿ ನಗುವುದು ಕೇಳಿಸಿತು, ಅವರು ಆಗ ರಜೆಯಲ್ಲಿ ಅಲ್ಲಿಗೆ ಹೋಗಿದ್ದರು. ಆಮೇಲೆ ಅವರು ಒಂದು ಸಣ್ಣ ವಿಷಯ ಕೇಳಿದರು. ವೈದ್ಯರ ಪತ್ರದಲ್ಲಿ ಇನ್ನೂ 50 ಮಿಲಿಗ್ರಾಂ ಅಂತಲೇ ಇದೆ, ಪೆಟ್ಟಿಗೆಯ ಮೇಲೆ 100 ಇದೆ, ಮುಂದಿನ ತಿಂಗಳು ಪಕ್ಕದ ದೇಶಕ್ಕೆ ಕೆಲಸದ ಮೇಲೆ ಹೋಗಬೇಕು, ಗಡಿಯಲ್ಲಿ ತೊಂದರೆ ಆಗುತ್ತಾ? ಹೊಸ ಪತ್ರ ಮಾಡಿಸಿಕೊಳ್ಳಿ ಅಂದೆ. ಅದೇ ವಾರ ಮಾಡಿಸಿ, ನನಗೂ ಒಂದು ಪ್ರತಿ ಕಳಿಸಿದರು.